ದಿಡ್ಡಿ ಬಾಗಿಲ ಕೆಂಚಮ್ಮ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥ ಕಥೆಗಳನ್ನು ಕಂಡರೆ ಆಗುವುದಿಲ್ಲ. ಯಾರಾದರೂ ‘ಸಾರ್, ನನಗೊಂದು ವಿಚಿತ್ರ ಅನುಭವ ಆಯ್ತು’ ಎಂದು ಶುರು ಮಾಡಿದರೆ, ‘ಡಾಕ್ಟರಿಗೆ ತೋರಿಸ್ಕೊಳ್ಳಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವನು ನಾನು. ನೀವೂ ನನಗೆ ಹಾಗೆಯೇ ಹೇಳಬಹುದು.

ನಾನು ಹನ್ನೊಂದು ಐತಿಹಾಸಿಕ ಕಾದಂಬರಿಗಳನ್ನು ಬರೆದಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಒಂದು ಕೋಟೆ ಬಿದ್ದುಹೋದ ಕಥೆ. ಮುತ್ತಿಗೆಯ ಸಮಯದಲ್ಲಿ ಹಿಂಬದಿಯ ಸಣ್ಣ ದಿಡ್ಡಿ ಬಾಗಿಲನ್ನು ಒಳಗಿನವರೇ ಯಾರೋ ತೆಗೆದರು ಎಂದಷ್ಟೇ ದಾಖಲೆಯಲ್ಲಿದೆ. ಯಾರು ಎಂದಿಲ್ಲ. ನನಗೊಬ್ಬ ದ್ರೋಹಿ ಬೇಕಿತ್ತು. ಚಾಮರಾಜಪೇಟೆಯ ನನ್ನ ಮನೆಯಲ್ಲಿ ಕೂತು, ಕಸ ಗುಡಿಸುವ ಕೆಂಚಮ್ಮ ಎಂಬವಳನ್ನು ಹುಟ್ಟಿಸಿದೆ. ಬಂಗಾರದ ಬಳೆಯ ಆಸೆಗೆ ಅವಳು ಬಾಗಿಲು ತೆಗೆಯುತ್ತಾಳೆ.

ಕೆಲವು ವರ್ಷಗಳ ಹಿಂದೆ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಓದುಗರ ಜೊತೆ ನನ್ನ ಸಂವಾದವಿತ್ತು. ಯಾಕೆ ಬರೆಯುತ್ತೀರಿ ಎಂದು ಕೇಳಿದರು. ‘ಇತಿಹಾಸವೇ ಮರೆತುಬಿಟ್ಟವರಿಗೆ ಬಾಯಿ ಕೊಡೋದಕ್ಕೆ’ ಎಂದೆ. ಎಲ್ಲ ಕಡೆ ಹೇಳುವ ಮಾತು, ಚಪ್ಪಾಳೆ ಗ್ಯಾರಂಟಿ.

ಹಿಂದಿನ ಸಾಲಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಎದ್ದು ನಿಂತರು. ಮಾವಳ್ಳಿಯವರಂತೆ, ಸರ್ಕಾರಿ ಕೆಲಸದಿಂದ ನಿವೃತ್ತರಂತೆ.

“ಕೆಂಚಮ್ಮ ನಮ್ಮ ಮನೆತನದೋರು. ಹಿರಿಯರ ಹಬ್ಬದಲ್ಲಿ ಇವತ್ತಿಗೂ ಅವರಿಗೆ ಎಡೆ ಇಡ್ತೀವಿ. ನನ್ನ ಮೊಮ್ಮಗಳು ನಿಮ್ ಪುಸ್ತಕ ಓದಿ, ನಾವು ದ್ರೋಹಿಗಳಾ ಅಜ್ಜಿ ಅಂತ ಅತ್ಲು. ಅವರಿಗೆ ಬಾಯಿ ಕೊಡಿ ಅಂತ ನಿಮ್ಮನ್ನ ಯಾರ್ರೀ ಕೇಳಿದ್ರು?”

ನನಗೆ ಪಿತ್ತ ನೆತ್ತಿಗೇರಿತು. “ಅದು ಕಾದಂಬರಿ ಮೇಡಂ. ಅವಳು ನನ್ನ ಕಲ್ಪನೆ. ಕೆಂಚಮ್ಮ ಅನ್ನೋರು ಊರಿಗೆ ನೂರು ಜನ ಸಿಗ್ತಾರೆ, ಕೂತ್ಕೊಳ್ಳಿ” ಎಂದೆ. ಸಭೆ ನಕ್ಕಿತು.

ಆಕೆ ಕೂರಲಿಲ್ಲ. “ಮಗೂಗೆ ಹಾಲಿಗೋಸ್ಕರ ಬಾಗಿಲು ತೆಗೆದ್ರು ಅಂತ ಗೊತ್ತಿದ್ದೂ, ಬಳೆ ಅಂತ ಯಾಕೆ ಬರೆದ್ರಿ?”

ಮೊದಲ ಕರಡಿನಲ್ಲಿ ನಾನು ಬರೆದದ್ದು ಅದೇ. ಕೋಟೆಯೊಳಗೆ ಹಸಿದ ಮಗು, ಒಂದು ಗಿಂಡಿ ಹಾಲು. ಓದುಗರಿಗೆ ಅವಳ ಮೇಲೆ ಕನಿಕರ ಹುಟ್ಟಿದರೆ ಕಥೆ ಕೆಡುತ್ತದೆ ಎಂದು ಅಷ್ಟನ್ನೂ ತೆಗೆದು ಬಳೆ ಹಾಕಿದೆ. ನನ್ನ ಕರಡನ್ನು ಹೆಂಡತಿಗೂ ತೋರಿಸುವುದಿಲ್ಲ. ಪೆನ್ಸಿಲಿನಲ್ಲಿ ಬರೆದು, ಶುದ್ಧಪ್ರತಿ ಆದ ದಿನವೇ ಚೂರುಚೂರು ಮಾಡಿ ಹರಿದು ಹಾಕುತ್ತೇನೆ.

“ನಿಮಗೆ ಯಾರು ಹೇಳಿದ್ರು?” ಎಂದು ತೊದಲಿದೆ.

“ನಮಗೆ ನಮ್ಮಜ್ಜಿ ಹೇಳಿದ್ರು. ನಿಮಗೆ ಯಾರು ಹೇಳಿದ್ರು?”

ಅಷ್ಟು ಹೇಳಿ ಆಕೆ ಹೊರಟುಹೋದರು. ಆ ಕೋಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಮತ್ತೆ ಓದಿದೆ. ಹಾಲು, ಮಗು, ಕೆಂಚಮ್ಮ, ಒಂದೂ ಎಲ್ಲೂ ಇಲ್ಲ. ನಾನು ಹಿಂದೆಂದೋ ಕೇಳಿ ಮರೆತಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಪ್ರಕಾಶಕರ ಜೊತೆ ಜಗಳವಾಡಿ ಮುಂದಿನ ಮುದ್ರಣದಲ್ಲಿ ಬಳೆ ತೆಗೆಸಿ ಹಾಲು ಹಾಕಿಸಿದೆ. ಆಕೆಯ ವಿಳಾಸ ಹುಡುಕಿ ಒಂದು ಪ್ರತಿ ಹಿಡಿದು ಮಾವಳ್ಳಿಗೆ ಹೋದೆ. ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲಲ್ಲೇ ನಿಂತು ಆ ಪುಟ ಓದಿದರು. ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ.

“ನಿಮ್ ಪುಸ್ತಕ ಮಿಕ್ಕಿದ್ದು ಹತ್ತು ಇದಾವಲ್ಲ, ಅದರಲ್ಲಿ ಯಾರ್ಯಾರ ಮನೆಯೋರು ಇದಾರೆ?” ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಆ ಹತ್ತನ್ನು ನಾನಿನ್ನೂ ತೆರೆದು ನೋಡಿಲ್ಲ.