ನಾಲ್ಕೂವರೆ ವೋಲ್ಟ್

ಸಿಗರೇಟು ಬಿಡಬೇಕೆಂದು ನಾವಿಬ್ಬರೂ ತೀರ್ಮಾನಿಸಿದಾಗ ಷರತ್ತು ಹಾಕಿದವಳು ನಾನು. ಸೇದುತ್ತಿದ್ದದ್ದೂ ಬಿಟ್ಟದ್ದೂ ನಮ್ಮಿಬ್ಬರಲ್ಲೇ ಉಳಿಯಬೇಕು. ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ನಾನೂ ನನ್ನ ಗೆಳತಿಯೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು, ಒಂದೇ ಲೈಟರಿನಲ್ಲಿ ಆ ಚಟ ಕಲಿತಿದ್ದೆವು. ಓದು ಮುಗಿದ ಮೇಲೆ ನಾನು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಹಾರ್ಡ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ, ಅವಳು ಡಾಲಸ್ ಕಡೆ ಯೂಲೆಸ್‌ಗೆ ಹೋದಳು. ಚಟ ಇಬ್ಬರ ಜೊತೆಗೂ ಹೊರಟು ಬಂತು.

ಮೈಸೂರಿನಲ್ಲಿರುವ ಅಮ್ಮನಿಗೆ ಈ ಸಂಗತಿ ಗೊತ್ತಾಗುವುದಾದರೆ ನನ್ನ ಬಾಯಿಂದಲೇ ಗೊತ್ತಾಗಬೇಕು, ಪೂರ್ತಿ ಬಿಟ್ಟ ಮೇಲೆ, ನಾನು ಆರಿಸಿಕೊಂಡ ದಿನ. ಇದನ್ನೂ ಗೆಳತಿಗೆ ಹೇಳಿದ್ದೆ.

"ದೇವರಾಣೆ ಕಣೇ. ನನಗೇನು ಅಮ್ಮ ಇಲ್ವಾ?" ಎಂದಿದ್ದಳು.

ಒಮ್ಮೆಗೇ ಬಿಡಲು ಇಬ್ಬರಿಂದಲೂ ಆಗಲಿಲ್ಲ. ಹಾಗಾಗಿ ಎಲೆಕ್ಟ್ರಾನಿಕ್ ಸಿಗರೇಟಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋಣವೆಂದೆ. ದಪ್ಪ ಪೆನ್ನಿನಂಥ ವಸ್ತು ಅದು. ಕೆಳಗೆ ಬ್ಯಾಟರಿ, ಮೇಲೆ ದ್ರವ ತುಂಬುವ ಪುಟ್ಟ ನಳಿಕೆ, ಒಳಗೆ ತಂತಿಯ ಸುರುಳಿ. ಗುಂಡಿ ಒತ್ತಿದರೆ ಸುರುಳಿ ಕಾದು ದ್ರವ ಆವಿಯಾಗುತ್ತದೆ. ವೋಲ್ಟೇಜ್ ಬದಲಿಸಬಹುದಾದ ಬ್ಯಾಟರಿಯ ಬುಡದಲ್ಲಿ ತಿರುಗಿಸುವ ಒಂದು ಬಳೆ ಇರುತ್ತದೆ. ಮೂರರ ಹತ್ತಿರ ಇಟ್ಟರೆ ತೆಳು ಆವಿ, ಐದರ ಹತ್ತಿರ ಇಟ್ಟರೆ ಗಂಟಲು ಸುಡುವ ದಟ್ಟ ಹೊಗೆ. ದ್ರವದಲ್ಲಿ ನಿಕೋಟಿನ್ ಕಡಿಮೆ ಮಾಡುತ್ತಾ, ಬಳೆಯನ್ನೂ ಹಿಂದಕ್ಕೆ ತಿರುಗಿಸುತ್ತಾ ಹೋಗುವುದು ನನ್ನ ಯೋಜನೆ.

ಮೂರು ಬೇರೆ ಬೇರೆ ತಯಾರಿಕೆಯ ಬ್ಯಾಟರಿಗಳನ್ನು ನಾನೇ ಕೊಂಡುತಂದೆ. ಶನಿವಾರಗಳಲ್ಲಿ ಅವಳು ಯೂಲೆಸ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ನಾನು ಮಲ್ಟಿಮೀಟರ್ ಹಿಡಿಯುತ್ತಿದ್ದೆ, ಅವಳು ಸೇದಿ ಹೇಳುತ್ತಿದ್ದಳು. ಬರೀ ಬ್ಯಾಟರಿಯನ್ನು ಅಳೆದಾಗ ಮೂರೂ ಬಳೆಯ ಮೇಲಿನ ಅಂಕಿಯನ್ನೇ ತೋರಿಸಿದವು. ಸುರುಳಿ ಜೋಡಿಸಿ ಗುಂಡಿ ಒತ್ತಿದಾಗ ಎರಡರ ವೋಲ್ಟೇಜ್ ಕುಸಿಯಿತು. ಸ್ಟೀಲ್ ಬಣ್ಣದ ಒಂದು ಮಾತ್ರ ಹೇಳಿದಷ್ಟನ್ನೇ ಕೊಟ್ಟಿತು.

"ಇದು ನಂಗೆ! ಬಾಕಿ ಎರಡೂ ನೀರು ಮಜ್ಜಿಗೆ" ಎಂದು ಅವಳು ಅದನ್ನು ಕಸಿದುಕೊಂಡಳು.

"ತಗೋ. ಆದ್ರೆ ಅದು ತಾನಾಗಿ ಆಫ್ ಆಗಲ್ಲ. ಗುಂಡಿ ಒತ್ತಿರೋವರೆಗೂ ಕಾಯ್ತಾನೇ ಇರತ್ತೆ. ಬ್ಯಾಗಿಗೆ ಹಾಕೋ ಮುಂಚೆ ಐದು ಸಲ ಒತ್ತಿ ಲಾಕ್ ಮಾಡು."

"ಆಯ್ತು ಟೀಚರ್."

ಅವಳು ಲಾಕ್ ಮಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾನು ಮೂರೂವರೆಯಿಂದ ಮೇಲೇರಲಿಲ್ಲ. ಅವಳು ನಾಲ್ಕೂವರೆಯಿಂದ ಕೆಳಗಿಳಿಯಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ದ್ರವದಲ್ಲಿ ನಿಕೋಟಿನ್ ಇರಲಿಲ್ಲ. ಆಮೇಲೆ ಒಂದು ಭಾನುವಾರ ನನ್ನ ಬ್ಯಾಟರಿಯನ್ನು ಮರುಬಳಕೆಯ ಡಬ್ಬಿಗೆ ಹಾಕಿ ಬಂದೆ. ಅವಳಿಗೆ ಫೋನ್ ಮಾಡಿ ಹೇಳಿದಾಗ ನಿಜವಾಗಿಯೂ ಸಂತೋಷಪಟ್ಟಳು. ಅದರಲ್ಲಿ ಈಗಲೂ ನನಗೆ ಅನುಮಾನವಿಲ್ಲ.

ಆ ಬೇಸಿಗೆಯಲ್ಲಿ ಅವಳಿಗೆ ಸಂಬಂಧ ಬಂತು. ಹುಡುಗ ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನವನು. ಅವನ ಚಿಕ್ಕಮ್ಮ ಹ್ಯೂಸ್ಟನ್‌ನಲ್ಲಿದ್ದರು. ಧಾರವಾಡದ ಕಡೆಯವರು, ಗಟ್ಟಿ ದನಿ, ದೊಡ್ಡ ಮನಸ್ಸು. ಹಿಂದಿನ ವರ್ಷ ನನ್ನ ಅಮ್ಮ ಇಲ್ಲಿಗೆ ಬಂದಿದ್ದಾಗ ಈ ಆಂಟಿಯ ಮನೆಯಲ್ಲಿ ಒಂದು ವಾರ ಉಳಿದಿದ್ದರು. ಅಂದಿನಿಂದ ಇಬ್ಬರೂ ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಫೋನಿನಲ್ಲಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ.

ಶ್ರಾವಣದಲ್ಲಿ ಆಂಟಿ ನಮ್ಮಿಬ್ಬರನ್ನೂ ಅರಿಶಿನ ಕುಂಕುಮಕ್ಕೆ ಕರೆದರು. ಶುಕ್ರವಾರದ ಪೂಜೆ ಇಲ್ಲಿ ಶನಿವಾರಕ್ಕೆ ಜಾರುತ್ತದೆ. ಗೆಳತಿ ಡಾಲಸ್‌ನಿಂದ ನೇರ ಹೋಗುವುದು ಬಿಟ್ಟು ಸುತ್ತು ಬಳಸಿ ನನ್ನನ್ನು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಕಿಟಕಿ ಇಳಿಸಿ ನಾಲ್ಕೂವರೆ ವೋಲ್ಟಿನ ಮಾವಿನಹಣ್ಣಿನ ಹೊಗೆ ಬಿಟ್ಟಳು. ಆಂಟಿಯ ಮನೆ ಮುಂದೆ ಕಾರು ನಿಲ್ಲಿಸಿ, ಏಲಕ್ಕಿ ಬಾಯಿಗೆ ಹಾಕಿಕೊಂಡು, ಸ್ಟೀಲ್ ಬಣ್ಣದ್ದನ್ನು ಲಾಕ್ ಮಾಡದೆ ಹಾಗೇ ಬ್ಯಾಗಿಗೆ ಇಳಿಸಿದಳು.

ಹೆಂಗಸರ ಬ್ಯಾಗುಗಳೆಲ್ಲ ಮಲಗುವ ಕೋಣೆಯ ಮಂಚದ ಮೇಲೆ ಸಾಲಾಗಿ ಕೂತಿದ್ದವು. ನಮ್ಮಂಥ ಹುಡುಗಿಯರು ತಾಂಬೂಲವನ್ನು ಬೇಕೆಂದೇ ಮರೆತು ಹೋಗುತ್ತಾರೆಂಬುದು ಆಂಟಿಯ ದೂರು. ಒಬ್ಬಳೇ ಇರುವ ಮನೆಯಲ್ಲಿ ತೆಂಗಿನಕಾಯಿ ಒಡೆಯುವವರು ಯಾರು? ಅದಕ್ಕೇ ಅವರು ತಾಂಬೂಲವನ್ನು ಕೈಗೆ ಕೊಡುವುದಿಲ್ಲ. ತಾವೇ ಕೋಣೆಗೆ ಹೋಗಿ ಒಂದೊಂದು ಬ್ಯಾಗಿಗೂ ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಮೇಲೊಂದು ತೆಂಗಿನಕಾಯಿ ತುರುಕಿ ಜಿಪ್ ಎಳೆದು ಬರುತ್ತಾರೆ.

ನಾವು ಹಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದೆವು. ಒಳಗಿನಿಂದ ಮಾವಿನಹಣ್ಣು ಸುಟ್ಟ ವಾಸನೆ ಬಂತು. ಕಾಯಿಯ ಭಾರ ಗುಂಡಿಯ ಮೇಲೆ ಬಿದ್ದಿದೆ ಎಂದು ನನಗೆ ತಕ್ಷಣ ತಿಳಿಯಿತು. ಗೆಳತಿಗೂ ತಿಳಿಯಿತು. ಅವಳು ತಟ್ಟೆ ಕೆಳಗಿಡುವಷ್ಟರಲ್ಲಿ ಆಂಟಿಯ ದನಿ ಕೇಳಿತು.

"ಅಯ್ಯ ಶಿವನ! ಬ್ಯಾಗಿನೊಳಗಿಂದ ಹೊಗಿ ಬರಾಕತ್ತದ! ಯಾರದವಾ ಈ ಬ್ಯಾಗು?"

ಆಂಟಿ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಆ ಪೆನ್ನು ಹಿಡಿದುಕೊಂಡು ಹಾಲಿಗೆ ಬಂದರು. ಹಿಂದೆ ಬಂದ ಇನ್ನೊಬ್ಬ ಹೆಂಗಸು, "ಇದು ಸಿಗರೇಟ್ ಕಣ್ರೀ, ಕರೆಂಟಿಂದು. ನಮ್ಮನೆಯವರ ಆಫೀಸಲ್ಲಿ ಎಲ್ಲಾ ಗಂಡಸರೂ ಸೇದ್ತಾರೆ" ಎಂದು, 'ಗಂಡಸರು' ಎಂಬುದನ್ನು ಒತ್ತಿ ಹೇಳಿದರು.

"ಬ್ಯಾಗ್ ನಂದೇ ಆಂಟಿ" ಎಂದಳು ಗೆಳತಿ. ದನಿ ನಡುಗಲಿಲ್ಲ. "ಆದ್ರೆ ಅದು ನಂದಲ್ಲ. ಇವಳದ್ದು. ಪಾಪ, ಬಿಡಬೇಕು ಅಂತ ತುಂಬಾ ಟ್ರೈ ಮಾಡ್ತಿದಾಳೆ. ಕೈಗೆ ಸಿಗದೇ ಇರಲಿ ಅಂತ ನಾನೇ ಇಟ್ಕೊಂಡಿದೀನಿ." ಮಾತು ಮುಗಿಸಿ ನನ್ನ ಭುಜದ ಮೇಲೆ ಕೈಯಿಟ್ಟಳು.

ಆಂಟಿ ನನ್ನನ್ನು ನೋಡಿದರು. "ಖರೇನವಾ? ನೀನೇ ತಗೊಂಡಿದ್ದೇನು ಇದನ್ನ?"

ಕೊಂಡವಳು ನಾನೇ. ಬ್ಯಾಟರಿಯ ಬುಡ ನನ್ನ ಕಣ್ಣಿನ ಮಟ್ಟಕ್ಕಿತ್ತು, ಬಳೆಯ ಗೆರೆ ನಾಲ್ಕೂವರೆಯಲ್ಲಿತ್ತು. ಅದು ಯಾರದೆಂದು ಅದೇ ಹೇಳುತ್ತಿತ್ತು. ಅಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಒಬ್ಬಳ ಕೈ ನನ್ನ ಭುಜದ ಮೇಲಿತ್ತು. ನನ್ನದಲ್ಲ ಎಂದರೆ ಮುಂದಿನ ಪ್ರಶ್ನೆ, ನೀನು ಸೇದಿಯೇ ಇಲ್ಲವೇ ಎಂಬುದು. ಅದಕ್ಕೆ ಅಷ್ಟು ಜನರ ಮುಂದೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೌದೆಂದು ತಲೆಯಾಡಿಸಿದೆ.

"ನಿನ್ನ ಸಾಮಾನು ನೀನೇ ಇಟ್ಕೋ" ಎಂದು ಆಂಟಿ ಅದನ್ನು ನನ್ನ ಕೈಗಿತ್ತರು. ಇನ್ನೂ ಬಿಸಿಯಾಗಿತ್ತು. ಐದು ಸಲ ಒತ್ತಿ ಲಾಕ್ ಮಾಡಿದೆ. ಅಭ್ಯಾಸಬಲದಿಂದ. ಹಾಗೆ ಒತ್ತಿದ್ದನ್ನು ಎಲ್ಲರೂ ನೋಡಿದರು. ಆಂಟಿ ಗೆಳತಿಯ ಕೆನ್ನೆ ಸವರಿ, "ನಿನ್ನಂಥಾ ಗೆಳತಿ ಎಲ್ಲಾರಿಗೂ ಸಿಗಂಗಿಲ್ಲ ಬಿಡವಾ" ಎಂದರು.

ಹೊರಗೆ ಕಾರಿನ ಹತ್ತಿರ ಅವಳು ನನ್ನ ಮುಖ ನೋಡಲಿಲ್ಲ.

"ಸಾರಿ ಕಣೇ. ಆದ್ರೆ ಯೋಚನೆ ಮಾಡು, ನಿಂಗೇನು ನಷ್ಟ? ನಿಂಗ್ಯಾರೂ ಗಂಡು ನೋಡ್ತಿಲ್ಲ. ನಂದು ಅಂದಿದ್ರೆ ಎಲ್ಲಾ ಮುರಿದು ಬೀಳ್ತಿತ್ತು."

"ಅಮ್ಮನಿಗೆ ಹೇಳ್ತಾರೆ."

"ಹೇಳ್ಲಿ ಬಿಡು. ನೀನು ಬಿಟ್ಟೇ ಆಯ್ತಲ್ಲ."

ನಾನು ಬಸ್ಸಿನಲ್ಲಿ ಹೋಗುತ್ತೇನೆಂದೆ. "ಡ್ರಾಮಾ ಮಾಡ್ಬೇಡ, ಹತ್ತು" ಎಂದಳು. ಹತ್ತಲಿಲ್ಲ. ಆಸ್ಟಿನ್ ಬಸ್ಸಿನಲ್ಲಿ ತೊಡೆಯ ಮೇಲೆ ನನ್ನ ಬ್ಯಾಗು, ಅದರೊಳಗೆ ನನ್ನ ಪಾಲಿನ ತೆಂಗಿನಕಾಯಿ, ಅದರ ಪಕ್ಕ ಅವಳ ಬ್ಯಾಟರಿ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅಮ್ಮ ಫೋನ್ ಮಾಡಿದರು. ಮೊದಲು ಹವಾಮಾನ ಕೇಳಿದರು. ಆಮೇಲೆ, "ಆಂಟಿ ಏನೋ ಹೇಳಿದ್ರು. ಅದು ನಿಂದಾ?"

"ಅಲ್ಲಮ್ಮ."

"ಸೇದಲ್ಲ ತಾನೆ ನೀನು?"

"ಈಗ ಇಲ್ಲ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. "ನನಗೆ ನೀನೇ ಹೇಳಬಹುದಿತ್ತಲ್ಲ ಮಗೂ" ಎಂದರು. ಹೇಳಬೇಕೆಂದಿದ್ದೆ, ನವೆಂಬರಿನಲ್ಲಿ ಊರಿಗೆ ಹೋದಾಗ, ಅಡುಗೆಮನೆಯಲ್ಲಿ, ನಾವಿಬ್ಬರೇ ಇರುವಾಗ. ಈಗ ಅದನ್ನು ಹೇಳಿದರೆ ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೇಳುವ ಮಾತಿನಂತೆಯೇ ಕೇಳುತ್ತದೆ. ಆಫೀಸಿಗೆ ತಡವಾಗುತ್ತದೆ ಎಂದು ಫೋನಿಟ್ಟೆ.

ವಾರದ ಕೊನೆಗೆ ಗೆಳತಿಯ ಮೆಸೇಜ್ ಬಂತು. ಮಾತುಕತೆ ಮುಗಿದಿದೆ, ನಿಶ್ಚಿತಾರ್ಥ ದೀಪಾವಳಿಯ ಮೇಲೆ, ನೀನು ಬರಲೇಬೇಕು. ಅದರ ಕೆಳಗೇ ಇನ್ನೊಂದು: "ಬ್ಯಾಟರಿ ನಿನ್ನತ್ರಾನೇ ಇದೆ ಅಲ್ವಾ? ಅಂಗಡಿಯಿಂದ ಬೇರೆ ತಂದೆ, ಥೂ, ನೀರು ಮಜ್ಜಿಗೆ. ಶನಿವಾರ ಬಂದು ಆ ಸ್ಟೀಲ್‌ದು ತಗೊಂಡು ಹೋಗ್ತೀನಿ."

ಸ್ಟೀಲ್ ಬಣ್ಣದ್ದು ಊಟದ ಮೇಜಿನ ಮೇಲಿತ್ತು, ಬಳೆ ನಾಲ್ಕೂವರೆಯಲ್ಲೇ. ಹ್ಯೂಸ್ಟನ್‌ನಿಂದ ತಂದ ಮೇಲೆ ನಾನು ಅದನ್ನು ತಿರುಗಿಸಿರಲಿಲ್ಲ. ನಿಂತುಕೊಂಡೇ ಉತ್ತರ ಟೈಪ್ ಮಾಡಿದೆ.

"ಬರಬೇಡ. ಅದು ನಂದು ಅಂತ ನೀನೇ ಹೇಳಿದ್ದೀಯ."