ಅವ್ರ ಕೊಪ್ಲು

ಕಟ್ಟಿಕೊಂಡವನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಮುದ್ದಮ್ಮನಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳು. ಮುದ್ದಮ್ಮ ಒಂದು ದಿನವೂ ಆಡಲಿಲ್ಲ. ಆದರೂ ಗಂಡ ದ್ಯಾವಯ್ಯ ನಡುವಯಸ್ಸಿಗೇ ಹೋಗಿಬಿಟ್ಟ. ಹೋದವನ ಆಯಸ್ಸು ಇನ್ನೇನು ಸವೆದೀತು? ಆದರೆ ರೂಢಿ ನಾಲಿಗೆಯನ್ನು ಬಿಡಬೇಕಲ್ಲ.

ಮಲ್ಲಿಪಟ್ಟಣದ ಆಚೆ ಕುರುಚಲು ಕಡಿದು ಮೊದಲ ಗುಡಿಸಲು ಹಾಕಿದವನು ದ್ಯಾವಯ್ಯನೇ. ಅವನ ಹಿಂದೆ ಇನ್ನಷ್ಟು ಒಕ್ಕಲು ಬಂದು ಕೂತವು. ಜನ ಅದನ್ನು ದ್ಯಾವನಕೊಪ್ಪಲು ಎಂದರು. ಮಕ್ಕಳಾಗಲಿಲ್ಲ. 'ಎಸ್ರೇಳಾಕೆ ಊರೇ ಐತಲ್ಲ' ಎಂದು ಮುದ್ದಮ್ಮ ಒಬ್ಬಳೇ ಒಲೆಯ ಮುಂದೆ ಕೂತು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿದಾಗಲೆಲ್ಲ ಅವಳಿಗೆ ಹಿತವಾಗುತ್ತಿತ್ತು.

ಐವತ್ತೆಂಟರ ಸುಗ್ಗಿಯಲ್ಲಿ ನಕ್ಷೆ ಬರೆಯಲು ಸರ್ವೆಯವರು ಬಂದರು. ಊರೆಲ್ಲ ಕಣದಲ್ಲಿತ್ತು, ಸಿಕ್ಕಿದವಳು ಇವಳೊಬ್ಬಳೇ.

"ಈ ಊರಿನ ಹೆಸರೇನಮ್ಮಾ?"

ಮುದ್ದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅವ್ರ ಕೊಪ್ಲು, ಸಾ."

ಬೇಲಿಯ ತುಂಬ ಅವರೆ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಸಾಹೇಬರಿಗೆ ಇನ್ನೇನು ಅನುಮಾನ? 'ಅವರೆಕೊಪ್ಪಲು' ಎಂದು ಬರೆದುಕೊಂಡು ಹೊರಟೇಬಿಟ್ಟರು.

ಐದಾರು ವರ್ಷಕ್ಕೆ ಅರಕಲಗೂಡಿನಿಂದ ಬಸ್ಸು ಬಂತು, ರಸ್ತೆ ಬದಿಗೆ ಬೋರ್ಡೂ ಬಂತು. ಮುದ್ದಮ್ಮನಿಗೆ ಓದು ಬಾರದು. ಜನ ಓದಿ ನಕ್ಕಾಗಲೇ ತಿಳಿದದ್ದು. ಊರ ಯಜಮಾನ ಚಂದ್ರಯ್ಯನ ಮನೆಗೆ ಓಡಿದಳು.

"ಅದು ತೆಪ್ಪು ಕಣಣ್ಣಾ. ನಾನು ಅವ್ರ ಕೊಪ್ಲು ಅಂದಿದ್ದು, ಅವ್ರೆಕಾಯಲ್ಲ. ಸರಿಯಾಗಿ ಬರ್ಸು."

"ಇರ್ಲಿ ಬುಡವ್ವಾ. ಮ್ಯಾಪ್ನಾಗೇ ಅಂಗೆ ಬಂದದಂತೆ. ಬಸ್ಸು ನಿಲ್ತದಲ್ಲ, ಎಸ್ರು ಕಟ್ಕೊಂಡು ಏನಾಗ್ಬೇಕು?"

ಏನಾಗಬೇಕಂತೆ! ಬಸ್ಸಿನ ರುಚಿ ಹತ್ತಿದ ಜನ ಬೋರ್ಡಿನಲ್ಲಿದ್ದಂತೆಯೇ ಕರೆಯತೊಡಗಿದರು. ದ್ಯಾವಯ್ಯನ ಹೆಸರು ಯಾರ ಬಾಯಲ್ಲೂ ಕೇಳದಾಯಿತು. ಮುದ್ದಮ್ಮನಿಗೆ ಅವನು ಇನ್ನೊಂದು ಸಲ ಸತ್ತಂತಾಯಿತು. ಈ ಸಲ ಜೊತೆಗೆ ಅಳುವವರೂ ಇರಲಿಲ್ಲ.

ಹಠಕ್ಕೆ ಬಿದ್ದು ಸಂತೆಗೂ ನಡೆದೇ ಹೋಗಿಬರುತ್ತಿದ್ದಳು. ಒಂದು ಸಂಜೆ ಮಂಡಿನೋವು ತಾಳದೆ ಅರಕಲಗೂಡಿನಲ್ಲಿ ಬಸ್ಸು ಹತ್ತಿದಳು. ಕಂಡಕ್ಟರು ಟಿಕೀಟು ಹರಿಯಲು ಬಂದ.

"ಎಲ್ಲಿಗವ್ವಾ?"

ಮುದ್ದಮ್ಮ ಬಾಯಿಗೆ ತಂದ ಸೆರಗನ್ನು ಕೆಳಗಿಳಿಸಿದಳು. ಯಾರೂ ಹೇಳದಿದ್ದ ಮೇಲೆ ತಾನಾದರೂ ಹೇಳಬೇಡವೇ?

"ದ್ಯಾವನ ಕೊಪ್ಲು," ಎಂದಳು. ತನಗೇ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ, "ದ್ಯಾವಯ್ಯ. ದ್ಯಾವಯ್ಯನ ಕೊಪ್ಲು."

ಕಂಡಕ್ಟರು ಹೊಸಬ. "ಅಂಗೊಂದು ಊರೇ ಇಲ್ಲ ಈ ದಾರೀಲಿ. ಬ್ಯಾರೆ ಬಸ್ಸು ನೋಡ್ಕೊ, ಇಳಿಯವ್ವಾ."

ಮುದ್ದಮ್ಮ ವಾದಕ್ಕೆ ನಿಲ್ಲಲಿಲ್ಲ, ಇಳಿದಳು. ಕಾಲೆಳೆಯುತ್ತ ಊರಿನ ದಾರಿ ಹಿಡಿದಳು. "ದ್ಯಾವಯ್ಯಾ, ದ್ಯಾವಯ್ಯಾ" ಎನ್ನುತ್ತ, ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿರುವವನನ್ನು ನಿಲ್ಲು ಎಂದು ಕರೆಯುವ ಹಾಗೆ, ಮನೆಯವರೆಗೂ ಕರೆದುಕೊಂಡೇ ನಡೆದಳು.