ಉಪ್ಪಿಲ್ಲದ ಸಾರಿಗೆ ಹದಿನೆಂಟು

ತದಡಿಯ ಸುಚಿತಾ ಕುಮಟಾದ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗಷ್ಟೇ, ಉಪಚಾರವೇನೂ ಇಲ್ಲ. ಜೂನಿನಲ್ಲಿ ಕಾಲೇಜಿನಿಂದ ಫೋನ್ ಬಂದರೆ ಕೆಲಸ, ಬರದಿದ್ದರೆ ಮನೆ. ಅವರು ಕೊಡುವ ಸಂಬಳಕ್ಕೆ ಅಸೈನ್‌ಮೆಂಟುಗಳನ್ನು ಸುಮ್ಮನೆ ತಿರುವಿ ಅಂಕ ಹಾಕಿದ್ದರೂ ಕೇಳುವವರಿರಲಿಲ್ಲ. ಆದರೆ ಅವಳು ಮೀನು ಮಾರುವ ದುರ್ಗಿಯ ಮಗಳು. ಕಿವಿರು ಎತ್ತಿ ನೋಡದೆ ಮೀನು ಕೊಂಡ ಮನೆತನವಲ್ಲ ಅದು. ಪ್ರತಿಯೊಂದನ್ನೂ ಕೊನೆಯ ಸಾಲಿನವರೆಗೆ ಓದುತ್ತಿದ್ದಳು.

"ಎಂತಕ್ಕೆ ಅಷ್ಟೆಲ್ಲ ಓದೂದು ಮೇಡಂ? ದಪ್ಪ ನೋಡಿ ಹಾಕಿ, ಆತು" ಎನ್ನುತ್ತಿದ್ದರು ವಿಭಾಗದ ಮುಖ್ಯಸ್ಥ ವೆಂಕಟ್ರಮಣ ಸರ್.

ಈ ಸಲ ಸಂಜಯನೆಂಬ ಹುಡುಗ ಯಾರೂ ಓದುವುದಿಲ್ಲವೆಂದು ಗೆಳೆಯರೊಡನೆ ಪಂಥ ಕಟ್ಟಿ, ತನ್ನ ಎರಡು ಅಸೈನ್‌ಮೆಂಟುಗಳಲ್ಲೂ ನಡುಪುಟದಲ್ಲಿ ಬಂಗಡೆ ಸಾರು ಮಾಡುವ ಕ್ರಮ ಬರೆದಿಟ್ಟ. ಒಂದು ವೆಂಕಟ್ರಮಣ ಸರ್‌ಗೆ, ಒಂದು ಸುಚಿತಾಳಿಗೆ. ಅವರು ಇಪ್ಪತ್ತಕ್ಕೆ ಹದಿನೆಂಟು ಕೊಟ್ಟರು. ಸುಚಿತಾ ಐದು ಕೊಟ್ಟು, 'ಉಪ್ಪು ಹಾಕಲು ಮರೆತಿದ್ದೀರಿ' ಎಂದು ಅಂಚಿನಲ್ಲಿ ಬರೆದಳು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ತರಗತಿ ಬಿದ್ದು ಬಿದ್ದು ನಕ್ಕಿತು. ಸುದ್ದಿ ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಓದದವರನ್ನು ಬಿಟ್ಟು ಓದಿದವಳನ್ನೇ ಹಿಡಿದರು.

"ನೀವೂ ಹದಿನೆಂಟು ಮಾಡಿ, ಮಾತು ಅಲ್ಲಿಗೇ ಮುಗೀತದೆ" ಎಂದರು ವೆಂಕಟ್ರಮಣ ಸರ್. "ಮುಂದಿನ ವರ್ಷನೂ ಬರ್ಬೇಕಲ್ಲ ನೀವು?"

ಆ ಕೆಲಸ ಸುಚಿತಾಳಿಗೆ ಬೇಕೇ ಬೇಕಿತ್ತು. ಆದರೂ ನಾಲಿಗೆ ಕೇಳಲಿಲ್ಲ.

"ಉಪ್ಪಿಲ್ದ ಸಾರಿಗೆ ಹದಿನೆಂಟು ಹ್ಯಾಂಗೆ ಕೊಡೂದು ಸರ್?"

ಜೂನಿನಲ್ಲಿ ಮಳೆ ಬಂತು, ಫೋನ್ ಬರಲಿಲ್ಲ. ಅವಳಿಗೆ ಸಂಕಟವಾಯಿತು, ಸಿಟ್ಟೂ ಬಂತು. ಸಂಜಯನ ಮೇಲಂತೂ ಹೇಳತೀರದಷ್ಟು. ಜಗಲಿಯಲ್ಲಿ ಊರಿನ ಮಕ್ಕಳಿಗೆ ಟ್ಯೂಷನ್ ಶುರುಮಾಡಿದಳು.

ಚೌತಿ ಮುಗಿದ ಮೇಲೆ ಒಂದು ದಿನ ಸಂಜಯ ಹೊಸ ಅಸೈನ್‌ಮೆಂಟು ಹಿಡಿದು ಅಂಗಳದಲ್ಲಿ ನಿಂತಿದ್ದ.

"ನನ್ನ ಕೆಲ್ಸ ಹೋತಲ್ಲ. ಇನ್ನೆಂತಕ್ಕೆ ಬಂದೆ?"

"ಹದಿನೆಂಟು ಬಂದದೆ ಮೇಡಂ" ಎಂದ ತಲೆ ತಗ್ಗಿಸಿ. "ಈ ಸಲ ನಾನೇ ಕೂತು ಬರ್ದದ್ದು. ಸಮ ಇದ್ಯಾ ಇಲ್ವಾ ಅಂತ ಅಲ್ಲಿ ಯಾರೂ ಹೇಳೂದಿಲ್ಲ. ನೀವು ಒಂದ್ಸಲ ಓದ್ತ್ರಾ?"

ಸುಚಿತಾ ಪೂರ್ತಿ ಓದಿದಳು. ಹದಿನೆಂಟನ್ನು ಹೊಡೆದುಹಾಕಿ ಒಂಬತ್ತು ಬರೆದಳು. ಸಂಜಯ ಪಕ್ಕದಲ್ಲೇ ಕೂತು, ಎಲ್ಲೆಲ್ಲಿ ತಪ್ಪಿದೆ ಎಂದು ಕೇಳತೊಡಗಿದ.